ಕೆಂಪು ಮಣ್ಣಿನಿಂದ ನೀರಿಗಿಳಿದ ಪೈಲ್ವಾನ

(ಜಾತ್ರೆಯ ಕುಸ್ತಿಗಳ ಮುನ್ನಾದಿನ ಮಾಡಿದ ಭಾಷಣದ ಪಾಠ)



ನಾಳೆ ಕಣದಲ್ಲಿ ಹಲಗೆ ಬಾರಿಸುತ್ತದೆ. ಮೊದಲು ಚಿಕ್ಕ ಹುಡುಗರ ಕಾಯಿ ಕುಸ್ತಿ, ಕೊನೆಗೆ ಬೆಳ್ಳಿ ಕಡೆಯ ದೊಡ್ಡ ಜೋಡಿ. ಹನುಮಪ್ಪನಿಗೆ ಕೈಮುಗಿದು ಹಣೆಗೆ ಮಣ್ಣು ಹಚ್ಚಿಕೊಳ್ಳುವ ಈ ಹುಡುಗರ ಎದುರು ಒಬ್ಬ ಪೈಲ್ವಾನನ ಹೆಸರು ಹೇಳುವುದು ಉಚಿತ. ಅವರು ದೂರದವರಲ್ಲ. ಜತ್ತ ತಾಲೂಕು ಸೇರಿರುವ ಸಾಂಗಲಿ ಜಿಲ್ಲೆಯವರೇ. ಇಸ್ಲಾಂಪುರದ ಹತ್ತಿರದ ಪೇಠ ಎಂಬ ಊರಿನಲ್ಲಿ 1944ರ ನವೆಂಬರ್ 1ರಂದು ಹುಟ್ಟಿದ ಮುರಳಿಕಾಂತ ಪೇಟಕರರು.

ಅದು ಕುಸ್ತಿಯ ನಾಡು. ಕರಾಡ ಬಳಿಯ ಗೋಳೇಶ್ವರದ ಖಾಶಾಬಾ ಜಾಧವರು 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸಿನಿಂದ ಕಂಚಿನ ಪದಕ ತಂದಾಗ ಮುರಳಿಕಾಂತ ಎಂಟು ತುಂಬದ ಹುಡುಗ. ಸುತ್ತಲಿನ ಪ್ರತಿ ಊರ ತಾಲೀಮಿನಲ್ಲೂ ಆಗ ಬೈಠಕ್, ಸಪಾಟಿಯ ಸದ್ದು. ಈ ಹುಡುಗನೂ ಮಣ್ಣಿಗಿಳಿದ. ಊರ ದೊಡ್ಡವರ ಮನೆಯ ಹುಡುಗನನ್ನು ಕುಸ್ತಿಯಲ್ಲಿ ಚಿತ್ ಮಾಡಿದ್ದಕ್ಕೆ ಜಗಳವೆದ್ದು, ಮನೆ ಬಿಟ್ಟು ಹೋಗಿ ಸೈನ್ಯದ ಬಾಲಕರ ದಳ ಸೇರಿದನೆಂದು ಅವರ ಕಥೆ ಹೇಳುವವರು ಹೇಳುತ್ತಾರೆ. ಎದುರಾಳಿಯ ಮನೆತನ ನೋಡಿ ಸೋಲುವ ಬುದ್ಧಿ ಆ ಹುಡುಗನಿಗಿರಲಿಲ್ಲ. ಯಾರ ಹಿಡಿತಕ್ಕೂ ಸಿಗದ ಸ್ವಭಾವ. ಅಂಥವನಿಗೆ ಸೈನ್ಯದ ಶಿಸ್ತು ಒಗ್ಗಿದ್ದೇ ಆಶ್ಚರ್ಯ! ಬಾಲಕರ ದಳವೇ ಅವನ ಪಾಠಶಾಲೆಯಾಯಿತು, ಅಲ್ಲಿಂದ ಇ.ಎಂ.ಇ. ದಳದ ಜವಾನನಾದ. ಕುಸ್ತಿಯ ಮೈಗೆ ಮುಷ್ಟಿಯುದ್ಧದ ಕೈಚಳಕ ಸೇರಿತು.

1965ರ ಪಾಕಿಸ್ತಾನ ಯುದ್ಧದಲ್ಲಿ ವಿಮಾನ ದಾಳಿಗೆ ಸಿಕ್ಕಿ ಮೈತುಂಬ ಗುಂಡೇಟು ತಿಂದರು. ಒಂದು ಗುಂಡು ಬೆನ್ನೆಲುಬಿನ ಬಳಿಯೇ ಉಳಿಯಿತು. ಕಾಲುಗಳು ಸ್ವಾಧೀನ ತಪ್ಪಿದವು. ಇಪ್ಪತ್ತೊಂದು ತುಂಬುವ ಹೊತ್ತಿಗೆ ಪೈಲ್ವಾನನ ತೊಡೆಯ ಬಲವೆಲ್ಲ ಹೋಯಿತು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಜಾತ್ರೆಯ ದಿನ ಗುಡಿಯ ಮೆಟ್ಟಿಲ ಬಳಿ ಕಾಲಿಲ್ಲದವರನ್ನು ಕಂಡರೆ ಭಕ್ತರ ಕೈ ಕಿಸೆಗೆ ಹೋಗುತ್ತದೆ. ಧರ್ಮವೇ ಅದು, ತಪ್ಪಲ್ಲ. ಆದರೆ ಅವರ ರಟ್ಟೆಯಲ್ಲಿ ಎಷ್ಟು ಕಸುವಿದೆ ಎಂದು ಯಾರು ನೋಡುತ್ತಾರೆ? ಪೇಟಕರರ ರಟ್ಟೆ ಮಾತ್ರ ತಾಲೀಮಿನದಾಗಿಯೇ ಉಳಿದಿತ್ತು. ಮುಂಬಯಿಯ ನೌಕಾದಳದ ಆಸ್ಪತ್ರೆ ಅಶ್ವಿನಿಯಲ್ಲಿ ಚಿಕಿತ್ಸೆಯೆಂದು ಅವರನ್ನು ನೀರಿಗಿಳಿಸಿದರು. ಚಿಕಿತ್ಸೆ ಸಾಧನೆಯಾಯಿತು. ಕಾಲು ಬಡಿಯಲಾಗದ ಈಜುಗಾರನಿಗೆ ನೀರಿನಲ್ಲಿ ಕೆಳಮೈ ಭಾರ. ಆ ಭಾರವನ್ನೆಲ್ಲ ಭುಜ, ಎದೆ, ತೋಳು ಎಳೆಯಬೇಕು. ಚಿಕ್ಕಂದಿನ ಸಪಾಟಿ ವ್ಯರ್ಥವಾಗಲಿಲ್ಲ ಎನ್ನಬೇಕು.

1968ರಲ್ಲಿ ಟೆಲ್ ಅವೀವ್‌ನ ಪ್ಯಾರಾಲಿಂಪಿಕ್ಸಿನಲ್ಲಿ ಟೇಬಲ್ ಟೆನ್ನಿಸ್ ಆಡಿದರು, ಪದಕ ಬರಲಿಲ್ಲ. ಮುಂದಿನ ಪ್ರಯಾಣಕ್ಕೆ ಹಣದ ಅಡಚಣೆ ಬಂದಾಗ ಕ್ರಿಕೆಟಿಗ ವಿಜಯ್ ಮರ್ಚೆಂಟರು ನೆರವಾದರು. 1972ರ ಆಗಸ್ಟ್‌ನಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಈಜನ್ನು 37.33 ಸೆಕೆಂಡಿನಲ್ಲಿ ಮುಗಿಸಿ ಚಿನ್ನ ಗೆದ್ದರು. ಅದು ಅವರ ವರ್ಗದ ವಿಶ್ವದಾಖಲೆ. ಅದೇ ಕೂಟದಲ್ಲಿ ಭರ್ಚಿ ಎಸೆತದಲ್ಲೂ ಗಾಲಿಕುರ್ಚಿಯ ಸ್ಲಾಲಮ್‌ನಲ್ಲೂ ಅಂತಿಮ ಸುತ್ತು ತಲುಪಿದರು. ಪ್ಯಾರಾಲಿಂಪಿಕ್ಸಿನಲ್ಲಿ ಭಾರತಕ್ಕೆ ಬಂದ ಮೊದಲ ಪದಕವೇ ಚಿನ್ನದ್ದು. ಒಲಿಂಪಿಕ್ಸಿನಲ್ಲಿ ಭಾರತೀಯನೊಬ್ಬ ಒಂಟಿಯಾಗಿ ಚಿನ್ನ ಗೆಲ್ಲಲು ಇನ್ನೂ 36 ವರ್ಷ ಕಾಯಬೇಕಾಯಿತು, 2008ರ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ.

ಆಮೇಲೆ ಪುಣೆಯ ಟೆಲ್ಕೊ ಕಾರ್ಖಾನೆಯಲ್ಲಿ ನೌಕರಿ, ಸಂಸಾರ, ಮತ್ತು ದೀರ್ಘಕಾಲದ ಮೌನ. ಒಂದು ಬೆಳ್ಳಿ ಕಡೆ ಗೆದ್ದವನನ್ನು ಊರವರು ಹೆಗಲ ಮೇಲೆ ಹೊತ್ತು ಮೆರೆಸುವ ನಾಡಿನಲ್ಲಿ, ದೇಶಕ್ಕೆ ಚಿನ್ನ ತಂದವನ ಹೆಸರು ಶಾಲೆಯ ಮಕ್ಕಳಿಗೂ ತಿಳಿಯಲಿಲ್ಲ. ನೋಡುವವರಿಲ್ಲದ ಕಣದಲ್ಲಿ ಗೆದ್ದ ಕುಸ್ತಿಯಾಯಿತು ಅದು. ಪದ್ಮಶ್ರೀ ಬಂದದ್ದು 2018ರಲ್ಲಿ, ಗೆದ್ದ 46 ವರ್ಷಗಳಿಗೆ. 2024ರಲ್ಲಿ ಅವರ ಬದುಕನ್ನು ಆಧರಿಸಿದ ಹಿಂದಿ ಚಿತ್ರ ‘ಚಂದು ಚಾಂಪಿಯನ್’ ಬಂದ ಮೇಲೆ ಎಷ್ಟೋ ಜನ ಆ ಹೆಸರನ್ನು ಮೊದಲ ಸಲ ಕೇಳಿದರು.

2025ರ ಜನವರಿಯಲ್ಲಿ ರಾಷ್ಟ್ರಪತಿ ಭವನದಲ್ಲಿ ಜೀವಮಾನ ಸಾಧನೆಗಾಗಿ ಅರ್ಜುನ ಪ್ರಶಸ್ತಿ ಸ್ವೀಕರಿಸಲು ಪೇಟಕರರು ಬಂದರು. ವಯಸ್ಸು ಎಂಬತ್ತು. ಊರುಗೋಲುಗಳ ಮೇಲೆ ಭಾರ ಹಾಕಿ ನಿಂತು ಪ್ರಶಸ್ತಿ ಪಡೆದರು. ಸಭೆ ಬಹಳ ಹೊತ್ತು ಚಪ್ಪಾಳೆ ತಟ್ಟಿತು.