ಮಡಕೆಯ ಕೈ, ಒಡವೆಯ ಕೆಲಸ

ಕುಂಬಾರಿಕೆ ಕಲಿತವರು ಒಡವೆಯ ಕೆಲಸಕ್ಕೆ ಹೊರಳಿದಾಗ ಹಳೆಯ ವಿದ್ಯೆ ಅಲ್ಲಿಗೇ ಮುಗಿಯಿತೆಂದು ಭಾವಿಸುವುದು ಸರಿಯಲ್ಲ. ತಿಗರಿಯ ಮೇಲೆ ಮಣ್ಣನ್ನು ಎತ್ತುವ ಚಾತುರ್ಯ ಅಷ್ಟಾಗಿ ಬಳಕೆಗೆ ಬಾರದಿದ್ದರೂ, ಮಣ್ಣು ಒಣಗುವಾಗ ಮತ್ತು ಬೇಯುವಾಗ ಎಷ್ಟು ಕುಗ್ಗುತ್ತದೆ, ಯಾವ ಕಾವಿಗೆ ಯಾವ ಬಣ್ಣ ಏಳುತ್ತದೆ ಎಂಬ ತಿಳಿವಳಿಕೆ ಅಲ್ಲಿ ಇನ್ನಷ್ಟು ಹರಿತಗೊಳ್ಳುತ್ತದೆ. ಆವಿಗೆಯಲ್ಲಿ ಬೆಂದ ಹೂಜಿ ಬೆರಳಗಲ ಕಿರಿದಾದರೂ ನೀರು ತುಂಬಲು ಅಡ್ಡಿಯಿಲ್ಲ. ಸುಡುಮಣ್ಣಿನ ಜುಮಕಿಯಲ್ಲಾದರೋ ಒಂದು ಇನ್ನೊಂದಕ್ಕಿಂತ ತುಸು ಹೆಚ್ಚು ಕುಗ್ಗಿದರೂ ಜೊತೆ ಕೆಡುತ್ತದೆ, ಹಸಿಮಣ್ಣಿನಲ್ಲಿ ಸರಿಯಾಗಿಯೇ ಚುಚ್ಚಿದ್ದ ತೂತು ಸುಟ್ಟ ಮೇಲೆ ತಂತಿ ತೂರದಷ್ಟು ಕಿರಿದಾಗಿರುವುದೂ ಉಂಟು.

ಈ ಹಾದಿಗೆ ಲೂಸಿ ರೀ ಅವರ ಬದುಕು ಒಳ್ಳೆಯ ನಿದರ್ಶನ. 1902ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, ಅಲ್ಲಿಯೇ ಕುಂಬಾರಿಕೆ ಕಲಿತು ಹೆಸರು ಮಾಡಿದ್ದ ಈ ಯಹೂದಿ ಕಲಾವಿದೆ ನಾಜಿಗಳ ಆಳ್ವಿಕೆಯಿಂದ ಪಾರಾಗಿ 1938ರಲ್ಲಿ ಲಂಡನ್ ಸೇರಿದರು. ಯುದ್ಧದ ವರ್ಷಗಳಲ್ಲಿ ಅವರ ಕೈ ಹಿಡಿದದ್ದು ಬಟ್ಟಲು, ಹೂದಾನಿಗಳಲ್ಲ, ಉಡುಪಿನ ಅಲಂಕಾರಕ್ಕಾಗಿ ಅವರು ಮಾಡಿದ ಮಣ್ಣಿನ ಗುಂಡಿಗಳು ಮತ್ತು ಆಭರಣಗಳು. ಪ್ಲಾಸ್ಟರ್ ಅಚ್ಚಿನಲ್ಲಿ ಒತ್ತಿ ತೆಗೆದ ಗುಂಡಿಗೆ ಗ್ಲೇಜು, ಅಂದರೆ ಬೆಂಕಿಯಲ್ಲಿ ಕರಗಿ ಗಾಜಿನ ಪೊರೆಯಾಗುವ ಲೇಪ, ಬಳಿದು ಸುಡಬೇಕಿತ್ತು; ಬಳಿಯುವಾಗ ಬೂದಿಬಣ್ಣಕ್ಕಿರುವ ಲೇಪ ಸುಟ್ಟ ಮೇಲೆ ಬೇರೆಯೇ ಬಣ್ಣ ತಾಳುವುದರಿಂದ, ಉಡುಪು ತಯಾರಕರ ಬಟ್ಟೆಗೆ ಒಪ್ಪುವ ಬಣ್ಣವನ್ನು ಕಣ್ಣಿಗೆ ಕಾಣುವ ಮುನ್ನವೇ ಊಹಿಸಿ ಬೆರೆಸುವುದು ಅನಿವಾರ್ಯವಾಗಿತ್ತು. 1946ರಲ್ಲಿ ಕುಂಬಾರಿಕೆಯ ಪರಿಚಯವೇ ಇಲ್ಲದ ಹಾನ್ಸ್ ಕೋಪರ್ ಎಂಬ ನಿರಾಶ್ರಿತ ಯುವಕ ಇದೇ ಗುಂಡಿಯ ಕೆಲಸಕ್ಕೆಂದು ಬಂದು ಸೇರಿ, ಮುಂದೆ ಇಪ್ಪತ್ತನೆಯ ಶತಮಾನದ ಹಿರಿಯ ಕುಂಭಕಲಾವಿದರಲ್ಲಿ ಒಬ್ಬರಾದರು. ಆ ಗುಂಡಿಗಳನ್ನು ಕಷ್ಟಕಾಲದ ಹೊಟ್ಟೆಪಾಡೆಂದಷ್ಟೇ ಬಗೆಯುವುದು ಅನ್ಯಾಯ. ರೀ ಅವರ ನಂತರದ ಬಟ್ಟಲುಗಳ ವರ್ಣವೈವಿಧ್ಯಕ್ಕೆ ಈ ಪುಟ್ಟ ವಸ್ತುಗಳ ಮೇಲಿನ ಪ್ರಯೋಗಗಳೂ ಅಭ್ಯಾಸವಾಗಿದ್ದವೆಂದು ತಿಳಿಯುವುದೇ ಯುಕ್ತ. ಜಪಾನಿನ ವಸ್ತ್ರವಿನ್ಯಾಸಕ ಇಸ್ಸೆ ಮಿಯಾಕೆ 1989ರಲ್ಲಿ ತಮ್ಮ ಉಡುಪುಗಳಿಗೆ ಅವನ್ನೇ ಹೊಲಿಸಿದರು.

ಅದೇ ಜಪಾನಿನಲ್ಲಿ ಮಿತ್ಸುಬಿಷಿ ಮೆಟೀರಿಯಲ್ಸ್ ಸಂಸ್ಥೆ 1990ರ ದಶಕದಲ್ಲಿ ಬಳಕೆಗೆ ತಂದ ಬೆಳ್ಳಿಜೇಡಿ ಕುಂಬಾರರಿಗೆ ಲೋಹದ ಒಡವೆಯನ್ನೂ ಹತ್ತಿರವಾಗಿಸಿತು. ನುಣ್ಣನೆಯ ಬೆಳ್ಳಿಪುಡಿಯನ್ನು ನೀರು ಮತ್ತು ಅಂಟಿನೊಡನೆ ಕಲಸಿದ ಈ ಮುದ್ದೆ ಮಣ್ಣಿನ ಹಾಗೆಯೇ ಕೈಗೆ ಬಗ್ಗುತ್ತದೆ. ಬೆಳ್ಳಿ ಕರಗುವ 961 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಕಾವಿನಲ್ಲಿ ಸುಟ್ಟಾಗ ಅಂಟು ಉರಿದುಹೋಗಿ, ಕಣಗಳು ಕರಗದೆಯೇ ಒಂದಕ್ಕೊಂದು ಬೆಸೆದುಕೊಂಡು, ಮಾಡಿದ ವಸ್ತು ಗಣನೀಯವಾಗಿ ಕುಗ್ಗುತ್ತದೆ. ಆದ್ದರಿಂದ ಉಂಗುರವನ್ನು ಬೆರಳಿನ ಅಳತೆಗಿಂತ ದೊಡ್ಡದಾಗಿಯೇ ತಿದ್ದಬೇಕಾಗುತ್ತದೆ, ಈ ಲೆಕ್ಕ ಕುಂಬಾರರಿಗೆ ಹೊಸದಲ್ಲ. ಆದರೆ ಕುಲುಮೆಯಿಂದ ಹೊರಬರುವ ಒಡವೆ ಸುಣ್ಣ ಬಳಿದಂತೆ ಮಂಕಾಗಿರುತ್ತದೆ. ಅದನ್ನು ಹಿತ್ತಾಳೆಯ ಬ್ರಷ್ಷಿನಿಂದ ಉಜ್ಜಿ ಒಪ್ಪ ಹಾಕುವುದನ್ನೂ, ಕೊಂಡಿ ಬೆಸೆಯುವುದನ್ನೂ, ಹರಳು ಕೂರಿಸುವುದನ್ನೂ ಅವರು ಅಕ್ಕಸಾಲಿಗರ ಬಳಿ ಕುಳಿತೇ ಕಲಿಯಬೇಕು.