ಮೂವತ್ತೈದು ದಾಟಿದ ಮೇಲೆ ಸಾಫ್ಟ್‌ವೇರ್ ಕಲಿಕೆ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ದೊಡ್ಡಬಳ್ಳಾಪುರದಲ್ಲಿ ಹನ್ನೊಂದು ವರ್ಷಗಳಿಂದ ಉರ್ದು ಮತ್ತು ಕನ್ನಡ ಪಾಠ ಹೇಳುತ್ತಿರುವ ನಾನು ಏಪ್ರಿಲ್ ಕೊನೆಗೆ ಶಾಲೆ ಬಿಡುತ್ತಿರುವ ಸುದ್ದಿ ನಿಮಗೆಲ್ಲ ತಲುಪಿದೆ. ಬೆಂಗಳೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ನನಗೆ ಕೆಲಸ ಸಿಕ್ಕಿದೆ. "ಬೀಳ್ಕೊಡುಗೆಯ ಮಾತು ಬೇಡ, ಈ ವಯಸ್ಸಿನಲ್ಲಿ ಹೇಗೆ ಕಲಿತಿರಿ ಅದನ್ನು ಹೇಳಿ" ಎಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ಆದರೆ ಕಳೆದ ವಾರ ಏಳನೆಯ ತರಗತಿಯ ಹುಡುಗಿಯೊಬ್ಬಳು, "ಆಪಾ, ನಮಗೆ ಪಾಠ ಹೇಳೋದು ನಿಮಗೆ ಬೇಜಾರಾಯ್ತಾ?" ಎಂದು ಕೇಳಿದಳು. ಆಗ ನನಗೆ ಉತ್ತರ ಹೊಳೆಯಲಿಲ್ಲ. ಆ ಮಗುವಿಗೂ ಇಂದು ಉತ್ತರ ಕೊಡಬೇಕಾಗಿದೆ.

ಮೊದಲು ಸತ್ಯವನ್ನೇ ಹೇಳಿಬಿಡುತ್ತೇನೆ. ನಾನು ಕಂಪ್ಯೂಟರ್ ಕಡೆ ತಿರುಗಿದ್ದು ಆಸಕ್ತಿಯಿಂದಲ್ಲ, ಮನೆಯ ಕಷ್ಟದಿಂದ. ನಮ್ಮ ಮನೆಯವರದು ನಾಲ್ಕು ವಿದ್ಯುತ್ ಮಗ್ಗ. 2020ರ ಲಾಕ್‌ಡೌನ್‌ನಲ್ಲಿ ನಿಂತ ಮಗ್ಗಗಳ ಪೈಕಿ ಎರಡು ಮತ್ತೆ ಸದ್ದು ಮಾಡಲೇ ಇಲ್ಲ, ಅವನ್ನು ಮಾರಿದೆವು. ಆಗ ಎಲ್ಲಿ ನೋಡಿದರೂ ಸಾಫ್ಟ್‌ವೇರ್ ಕೆಲಸದ ಮಾತು. ನಾನು ನನ್ನ ಎರಡು ಬಳೆ ಅಡವಿಟ್ಟು ನಲವತ್ತು ಸಾವಿರ ರೂಪಾಯಿ ತಂದು ಒಂದು ತರಬೇತಿ ಸಂಸ್ಥೆಗೆ ಕಟ್ಟಿದೆ. ನಲವತ್ತೈದು ದಿನದ ಪಾಠ, ಕೆಲಸ ಖಚಿತ ಎಂಬ ಭರವಸೆ. ದಿನ ಮುಗಿದವು, ಸರ್ಟಿಫಿಕೇಟ್ ಬಂತು, ಕೆಲಸ ಬರಲಿಲ್ಲ. ಅರ್ಜಿ ಹಾಕಿದ ಕಡೆಯೆಲ್ಲ "ಪದವಿ ಮುಗಿಸಿದ ವರ್ಷ ಯಾವುದು?" ಎಂಬ ಕಾಲಂ ಇತ್ತು. ಹೊಸಬರಿಗೆಂದು ಮೀಸಲಾದ ಆ ಕೆಲಸಗಳಿಗೆ ನಾನು ಹಳಬಳಾಗಿದ್ದೆ. ಅನುಭವ ಇದ್ದವರ ಸಾಲಿನಲ್ಲಿ ಹೊಸಬಳಾಗಿದ್ದೆ. ನಮ್ಮ ಅತ್ತೆಯವರು ಒಂದು ಮಾತೂ ಆಡಲಿಲ್ಲ. ಹಬ್ಬದ ದಿನ ಮಾತ್ರ ನನ್ನ ಬರಿಗೈ ನೋಡಿ ತಮ್ಮ ಬಳೆ ಬಿಚ್ಚಿ ತೊಡಿಸಿದರು. ಬೈದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ.

ತಪ್ಪು ಎಲ್ಲಿತ್ತು ಎಂಬುದು ಆಮೇಲೆ ತಿಳಿಯಿತು. ನಾನು ಬಾಯಿಪಾಠ ಮಾಡಿದ್ದೆ, ಕಲಿತಿರಲಿಲ್ಲ. ನಮ್ಮ ಮಕ್ಕಳು ಹಾಗೆ ಮಾಡಿದರೆ ನಾನೇ ಗದರುತ್ತೇನೆ! ಮತ್ತೆ ಮೊದಲಿನಿಂದ, ಬೆಳಗಿನ ಜಾವ ಒಂದು ಗಂಟೆಯಂತೆ, ಪುಕ್ಕಟೆ ಸಿಗುವ ಪಾಠಗಳನ್ನು ಕೇಳತೊಡಗಿದೆ.

ಪ್ರೋಗ್ರಾಂ ಎಂದರೇನು ಎಂಬುದನ್ನು ನನಗೆ ಚೆನ್ನಾಗಿ ತಿಳಿಸಿದ್ದು ನಮ್ಮ ಮನೆಯ ಮಗ್ಗವೇ. ಸೀರೆಯ ಅಂಚಿನ ಹೂವು ಮೂಡಿಸುವ ಜಕಾರ್ಡ್ ಕಾರ್ಡ್ ನೀವೆಲ್ಲ ನೋಡಿದ್ದೀರಿ. ರಂಧ್ರವಿದ್ದ ಕಡೆ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಇಲ್ಲ. 1804ರಲ್ಲಿ ಫ್ರಾನ್ಸಿನ ಜಕಾರ್ಡ್ ಎಂಬಾತ ಮಾಡಿದ ಈ ಉಪಾಯವನ್ನೇ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ 1830ರ ದಶಕದಲ್ಲಿ ತನ್ನ ಲೆಕ್ಕದ ಯಂತ್ರದ ಯೋಜನೆಗೆ ತೆಗೆದುಕೊಂಡ. ಯಂತ್ರಕ್ಕೆ ಒಂದೊಂದೇ ಹೆಜ್ಜೆ ತಪ್ಪದೆ ಹೇಳಿಕೊಡುವುದೇ ಪ್ರೋಗ್ರಾಂ. ನೇಕಾರರ ಮನೆಯವರಿಗೆ ಇದು ಅನ್ಯಲೋಕದ ವಿದ್ಯೆಯಲ್ಲ.

ಒಂದು ದಿನ ಪದದಲ್ಲಿ ಎಷ್ಟು ಅಕ್ಷರವಿದೆ ಎಂದು ಎಣಿಸುವ ಎರಡು ಸಾಲಿನ ಪ್ರೋಗ್ರಾಂ ಬರೆದೆ. "ಕನ್ನಡ" ಎಂದು ಕೊಟ್ಟೆ. ಕಂಪ್ಯೂಟರ್ ಐದು ಎಂದಿತು. ಮೂರನೆಯ ತರಗತಿಯ ಮಗುವಿಗೂ ಅದು ಮೂರಕ್ಷರ ಎಂದು ಗೊತ್ತು. ತಪ್ಪು ನನ್ನದೇ ಎಂದುಕೊಂಡು ಎರಡು ದಿನ ಒದ್ದಾಡಿದೆ. ಆಮೇಲೆ ಅರ್ಥವಾಯಿತು. ಯೂನಿಕೋಡ್ ಪದ್ಧತಿಯಲ್ಲಿ ಕ, ನ, ಹಲಂತದ ಗುರುತು, ಮತ್ತೊಂದು ನ, ಡ ಎಂದು ಐದು ಸಂಕೇತಗಳನ್ನು ಇಟ್ಟುಕೊಳ್ಳುತ್ತಾರೆ. ಕಂಪ್ಯೂಟರ್ ಎಣಿಸಿದ್ದು ಸಂಕೇತಗಳನ್ನು, ನಾವು ಎಣಿಸುವುದು ಅಕ್ಷರಗಳನ್ನು. ಒತ್ತಕ್ಷರ ಎಂದರೇನೆಂದು ತಿಳಿದವರು ಮಾತ್ರ ಇದು ತಪ್ಪೆಂದು ಕಂಡುಹಿಡಿಯಬಲ್ಲರು. ಅಂದು ಮೊದಲ ಬಾರಿಗೆ, ನನ್ನ ಹನ್ನೊಂದು ವರ್ಷದ ಪಾಠ ವ್ಯರ್ಥವಾಗಿಲ್ಲ ಅನ್ನಿಸಿತು.

ಉರ್ದು ಮನೆಮಾತಿನ ನಮ್ಮ ಮಕ್ಕಳು ಕನ್ನಡದಲ್ಲಿ ಎಲ್ಲಿ ಎಡವುತ್ತಾರೆ ಎಂಬುದು ಇಲ್ಲಿರುವ ಶಿಕ್ಷಕರಿಗೆ ಗೊತ್ತು. ಮಹಾಪ್ರಾಣದಲ್ಲಿ ಅವರು ಹಿಂದೆ ಬೀಳುವುದಿಲ್ಲ. ಎ ಮತ್ತು ಏ, ಒ ಮತ್ತು ಓ, ಲ ಮತ್ತು ಳ, ನ ಮತ್ತು ಣ, ಇಲ್ಲೇ ತೊಂದರೆ, ಏಕೆಂದರೆ ಈ ಭೇದಗಳು ಉರ್ದುವಿನಲ್ಲಿಲ್ಲ. ಇವಿಷ್ಟನ್ನೇ ಅಭ್ಯಾಸ ಮಾಡಿಸುವ ಒಂದು ಚಿಕ್ಕ ಪ್ರೋಗ್ರಾಂ ಮಾಡಿದೆ. ನೋಡಲು ಚೆನ್ನಾಗಿರಲಿಲ್ಲ, ಆದರೂ ನಮ್ಮ ಮಕ್ಕಳು ಆಡುತ್ತಾ ಕಲಿತರು. ಈಗಿನ ಕೆಲಸಕ್ಕೆ ಸಂದರ್ಶನಕ್ಕೆ ಹೋದಾಗ ಅವರು ನನ್ನ ಸರ್ಟಿಫಿಕೇಟ್ ಮುಟ್ಟಲೇ ಇಲ್ಲ. ಆ ಪ್ರೋಗ್ರಾಂ ತೋರಿಸಿ ಎಂದರು. ಬಲದಿಂದ ಎಡಕ್ಕೆ ಹೋಗುವ ಉರ್ದು, ಎಡದಿಂದ ಬಲಕ್ಕೆ ಬರುವ ಕನ್ನಡ, ಎರಡರ ನಡುವೆ ಅಂಕಿಗಳು ಇರುವ ಒಂದು ಸಾಲನ್ನು ತೋರಿಸಿ, ಎಲ್ಲಿ ತಪ್ಪಾಗಿದೆ ಎಂದು ಕೇಳಿದರು. ಹೇಳಿದೆ.

ಇಂಥ ದಾರಿ ತುಳಿದವರು ನಮಗಿಂತ ಮುಂಚೆಯೂ ಇದ್ದಾರೆ. ರಾಜಸ್ಥಾನದ ಅಲ್ವರ್‌ನ ಇಮ್ರಾನ್ ಖಾನ್ ಸರ್ಕಾರಿ ಸಂಸ್ಕೃತ ಶಾಲೆಯ ಗಣಿತದ ಮೇಷ್ಟ್ರಾಗಿದ್ದವರು. ತಮ್ಮನ ಕಂಪ್ಯೂಟರ್ ಪುಸ್ತಕಗಳನ್ನು ಓದಿ ತಾವೇ ಕಲಿತು, ಶಾಲಾಮಕ್ಕಳಿಗಾಗಿ ಐವತ್ತಕ್ಕೂ ಹೆಚ್ಚು ಆಪ್ ಮಾಡಿ ಪುಕ್ಕಟೆಯಾಗಿ ಕೊಟ್ಟರು. 2015ರ ನವೆಂಬರ್‌ನಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಪ್ರಧಾನಿಯವರು ಅವರ ಹೆಸರು ಹೇಳಿದ ಮೇಲೆ ದೇಶಕ್ಕೆ ತಿಳಿಯಿತು. ನಮ್ಮ ಕನ್ನಡದವರೇ ಆದ ಡಾ. ಯು. ಬಿ. ಪವನಜ ಅವರು ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ರಸಾಯನ ವಿಜ್ಞಾನಿಯಾಗಿದ್ದವರು. 1997ರಲ್ಲಿ ಆ ಕೆಲಸ ಬಿಟ್ಟು ಕಂಪ್ಯೂಟರಿನಲ್ಲಿ ಕನ್ನಡ ಬೆಳೆಸುವ ಕೆಲಸಕ್ಕೆ ನಿಂತರು. ಒಬ್ಬರು ಮೇಷ್ಟ್ರು, ಒಬ್ಬರು ವಿಜ್ಞಾನಿ. ಆದರೆ ಇಬ್ಬರೂ ತಮಗೆ ಮೊದಲೇ ಗೊತ್ತಿದ್ದುದನ್ನು ಜೊತೆಯಲ್ಲೇ ಒಯ್ದರು. ನಾನು ಇಂದು ಹೇಳಬೇಕೆಂದಿರುವುದು ಇದೊಂದೇ. ತಡವಾಗಿ ಹೊಸ ಕೆಲಸಕ್ಕೆ ಹೋಗುವವರಿಗೆ ಹಳೆಯ ಕೆಲಸವೇ ಬಂಡವಾಳ. ಅದನ್ನು ಮರೆಮಾಚಿ ಇಪ್ಪತ್ತೆರಡರ ಹುಡುಗರ ಸಾಲಿನಲ್ಲಿ ನಿಂತರೆ ಸೋಲುತ್ತೇವೆ, ನಾನು ಸೋತ ಹಾಗೆ.

ಕಾಲವೂ ಮೊದಲಿನಂತಿಲ್ಲ. 2023-24ರ ಸಾಲಿನಲ್ಲಿ ಟಿಸಿಎಸ್, ಇನ್ಫೋಸಿಸ್, ವಿಪ್ರೋ ಮೂರೂ ಕಂಪನಿಗಳಲ್ಲಿ ನೌಕರರ ಸಂಖ್ಯೆ ಹಿಂದಿನ ವರ್ಷಕ್ಕಿಂತ ಇಳಿಯಿತು. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಸರಳವಾದ ಕೋಡನ್ನು ಯಂತ್ರವೇ ಬರೆದುಕೊಡುತ್ತಿದೆ. ಬರೆದದ್ದು ಸರಿಯೇ ತಪ್ಪೇ ಎಂದು ಹೇಳಲು ಮಾತ್ರ ಆ ವಿಷಯ ಬಲ್ಲವರು ಬೇಕು.

ಆದ್ದರಿಂದ ನನ್ನ ಹಾಗೆ ಯೋಚಿಸುತ್ತಿರುವ ಅಣ್ಣ ತಮ್ಮಂದಿರಿಗೆ, ಅಕ್ಕ ತಂಗಿಯರಿಗೆ ಮೂರು ಮಾತು. ಮೊದಲನೆಯದು, ಆರು ತಿಂಗಳು ದಿನಕ್ಕೊಂದು ಗಂಟೆ ಕಲಿಯುವವರೆಗೆ ಯಾರಿಗೂ ಒಂದು ರೂಪಾಯಿ ಕಟ್ಟಬೇಡಿ. ಐಐಟಿಗಳ ಎನ್‌ಪಿಟಿಇಎಲ್ ಪಾಠಗಳು, ಕೇಂದ್ರ ಸರ್ಕಾರದ ಸ್ವಯಂ ಪಾಠಗಳು ಕೇಳಲು ಉಚಿತ, ಪರೀಕ್ಷೆ ಬರೆದರೆ ಮಾತ್ರ ಶುಲ್ಕ. ಪದವಿಯೇ ಬೇಕೆಂದರೆ, ಐಐಟಿ ಮದ್ರಾಸ್ 2020ರಲ್ಲಿ ಆರಂಭಿಸಿದ ಆನ್‌ಲೈನ್ ಪದವಿಗೆ ವಯಸ್ಸಿನ ಮಿತಿಯಿಲ್ಲ. ಎರಡನೆಯದು, ಕೆಲಸ ಕೈಗೆ ಬರುವ ತನಕ ಇರುವ ಕೆಲಸ ಬಿಡಬೇಡಿ, ಒಡವೆ ಮುಟ್ಟಬೇಡಿ. ಮೂರನೆಯದು, ನಿಮ್ಮ ಈಗಿನ ಕಸುಬಿಗೆ ಉಪಯೋಗವಾಗುವ ಒಂದು ಚಿಕ್ಕ ಪ್ರೋಗ್ರಾಂ ಮಾಡಿ. ಕಿರಾಣಿ ಅಂಗಡಿಯ ಉದ್ರಿ ಲೆಕ್ಕವೋ, ಮಗ್ಗದ ಕೂಲಿ ಲೆಕ್ಕವೋ ಆಗಲಿ. ಅದೇ ನಿಮ್ಮ ನಿಜವಾದ ಸರ್ಟಿಫಿಕೇಟ್.

ಸಂಘದ ಹಿರಿಯರಲ್ಲಿ ಒಂದು ವಿನಂತಿ. ನಮ್ಮ ವಿದ್ಯಾರ್ಥಿವೇತನದ ಅರ್ಜಿ ಇಪ್ಪತ್ತೈದು ವರ್ಷ ದಾಟಿದವರಿಗಿಲ್ಲ. ಚಿಕ್ಕ ಮಕ್ಕಳ ಪಾಲು ಕಡಿಮೆ ಮಾಡಿ ಎಂದು ನಾನು ಕೇಳುತ್ತಿಲ್ಲ. ಶಾಲೆಯ ಕಂಪ್ಯೂಟರ್ ಕೋಣೆಗೆ ಸಂಜೆ ಐದಕ್ಕೆ ಬೀಗ ಬೀಳುತ್ತದೆ. ಅದನ್ನು ಏಳರವರೆಗೆ ದೊಡ್ಡವರಿಗಾಗಿ ತೆರೆದಿಡಿ. ಮಗ್ಗ ಮಾರಿದ ಮನೆಗಳಲ್ಲಿ ಕಲಿಯಬಲ್ಲವರಿದ್ದಾರೆ, ಕೂರಲು ಜಾಗವಿಲ್ಲ. ಭಾನುವಾರ ಬೆಳಿಗ್ಗೆ ಕೋಣೆ ತೆರೆದರೆ ನಾನೇ ಬಂದು ಹೇಳಿಕೊಡುತ್ತೇನೆ.

ಇನ್ನು ಆ ಮಗುವಿನ ಪ್ರಶ್ನೆ. ಇಲ್ಲಮ್ಮಾ, ನನಗೆ ಬೇಜಾರಾಗಲಿಲ್ಲ. ನನಗೆ ಸಿಕ್ಕಿರುವುದು ಒಂದು ವರ್ಷದ ಗುತ್ತಿಗೆ ಕೆಲಸ. ಸಂಬಳ ಮೂರು ಸಾವಿರ ಹೆಚ್ಚು, ಯಶವಂತಪುರದವರೆಗಿನ ರೈಲು, ಅಲ್ಲಿಂದ ಬಸ್ಸು, ಮಧ್ಯಾಹ್ನದ ಊಟ ಕಳೆದರೆ ಹೆಚ್ಚೇನೂ ಉಳಿಯುವುದಿಲ್ಲ. ವರ್ಷ ಕಳೆದ ಮೇಲೆ ಏನೆಂದು ನನಗೂ ಗೊತ್ತಿಲ್ಲ, ಭಯವಿದೆ. ಆದರೂ ಹೋಗುತ್ತಿದ್ದೇನೆ, ಯಾಕೆಂದರೆ ಅಲ್ಲಿ ಮಾಡಬೇಕಾಗಿರುವುದು ಮಕ್ಕಳಿಗೆ ಕನ್ನಡ ಮತ್ತು ಉರ್ದು ಕಲಿಸುವ ಸಾಫ್ಟ್‌ವೇರನ್ನೇ. ಅದರಲ್ಲಿ ಳ ಮತ್ತು ಣ ಸರಿಯಾಗಿ ಬಂದಿವೆಯೇ ಎಂದು ಪರೀಕ್ಷಿಸಲು ನನಗೆ ಬೇಕಾಗುವವರು ನೀವೇ. ಮೊದಲು ನಿಮಗೇ ತಂದು ತೋರಿಸುತ್ತೇನೆ.