ಬಾಡಿಗೆಯೇ ಸಂಬಳದ ತಾಯಿ

ಹಾಯಿ ಹಡಗುಗಳ ಕಾಲ ಎಂದೊಡನೆ ನೆನಪಿಗೆ ಬರುವವರು ಕಪ್ತಾನರು, ಕಡಲುಗಳ್ಳರು, ಹೊಸ ನಾಡುಗಳನ್ನು ಹುಡುಕಿ ಹೊರಟವರು. ಹಗ್ಗ ಎಳೆದು ಹಾಯಿ ಬಿಚ್ಚಿದ ಸಾಮಾನ್ಯ ಖಲಾಸಿಗೆ ಸಂಬಳ ಹೇಗೆ ಸಿಗುತ್ತಿತ್ತು ಎಂಬ ಪ್ರಶ್ನೆ ಏಳುವುದು ಕಡಿಮೆ. ಆದರೆ ಸಮುದ್ರ ವ್ಯಾಪಾರದ ನಷ್ಟವನ್ನು ನಿಜವಾಗಿ ಹೊತ್ತವರು ಯಾರೆಂದು ತಿಳಿಯಬೇಕಾದರೆ ಆ ಪ್ರಶ್ನೆಯನ್ನೇ ಕೇಳಬೇಕು. ಬ್ರಿಟನ್ನಿನ ವ್ಯಾಪಾರಿ ಹಡಗುಗಳನ್ನೇ ಉದಾಹರಣೆಯಾಗಿ ನೋಡೋಣ.

18ನೇ ಶತಮಾನದ ಶಾಂತಿಕಾಲದಲ್ಲಿ ನುರಿತ ನಾವಿಕನ ಸಂಬಳ ತಿಂಗಳಿಗೆ ಸುಮಾರು 25 ಷಿಲಿಂಗ್. ಯುದ್ಧ ಬಂದರೆ ನೌಕಾಪಡೆಯವರು ಸಿಕ್ಕ ಸಿಕ್ಕ ನಾವಿಕರನ್ನು ಬಲವಂತವಾಗಿ ಹಿಡಿದೊಯ್ಯುತ್ತಿದ್ದರು. ಉಳಿದವರಿಗೆ ಬೇಡಿಕೆ ಹೆಚ್ಚಿ ಸಂಬಳ ಇಮ್ಮಡಿಯಾಗುವುದೂ ಇತ್ತು. ಆದರೆ ತಿಂಗಳ ಲೆಕ್ಕದ ಈ ಹಣ ತಿಂಗಳಿಗೊಮ್ಮೆ ಕೈಗೆ ಬರುತ್ತಿರಲಿಲ್ಲ. ಬಹುಪಾಲು ಹಣದ ಬಟವಾಡೆ ಯಾನ ಮುಗಿದ ಮೇಲೆಯೇ. 1729ರ ಕಾಯಿದೆ ಲಿಖಿತ ಕರಾರನ್ನು ಕಡ್ಡಾಯ ಮಾಡಿತು. ನಡುದಾರಿಯಲ್ಲಿ ಹಡಗು ಬಿಟ್ಟು ಓಡಿದವನು ಗಳಿಸಿದ್ದನ್ನು ಕಳೆದುಕೊಳ್ಳುತ್ತಿದ್ದ. ಬಾಕಿ ಸಂಬಳವೇ ಅವನನ್ನು ಕಟ್ಟಿಹಾಕುವ ಹಗ್ಗವಾಗಿತ್ತು.

ಅದಕ್ಕಿಂತ ಕಠಿಣವಾದುದು ಇನ್ನೊಂದು ನಿಯಮ: 'ಬಾಡಿಗೆಯೇ ಸಂಬಳದ ತಾಯಿ'. ಹಾಗೆಂದರೇನು? ಸರಕು ಗುರಿ ಮುಟ್ಟಿ ಹಡಗಿಗೆ ಸಾಗಣೆ ಬಾಡಿಗೆ ದಕ್ಕಿದರೆ ಮಾತ್ರ ನಾವಿಕನಿಗೆ ಸಂಬಳ. ಸರಕು ತಲುಪುವ ಮೊದಲೇ ಹಡಗು ಮುಳುಗಿದರೆ, ಈಜಿ ದಡ ಸೇರಿದವನಿಗೂ ಬಿಡಿಗಾಸಿಲ್ಲ. ಸಂಬಳ ಖಚಿತವೆಂದು ಗೊತ್ತಾದರೆ ಬಿರುಗಾಳಿಯಲ್ಲಿ ನಾವಿಕರು ಹಡಗನ್ನು ಉಳಿಸಲು ಹೆಣಗುವುದಿಲ್ಲ ಎಂಬುದು ಇದಕ್ಕೆ ಕೊಡುತ್ತಿದ್ದ ಸಮರ್ಥನೆ. ಜೀವವೇ ಪಣವಾಗಿದ್ದವನಿಗೆ ಸಂಬಳವನ್ನೂ ಪಣಕ್ಕಿಡುವ ತರ್ಕವಿದು.

ಕೈಗೆ ಬರುವುದರಲ್ಲೂ ಕಡಿತಗಳಿದ್ದವು. ಸರಕು ಹಾಳಾದರೆ ಸಂಬಳದಲ್ಲಿ ಮುರಿದುಕೊಳ್ಳುವುದಿತ್ತು. 1696ರ ಕಾಯಿದೆಯಂತೆ ಗ್ರೀನಿಚ್‌ನ ನಾವಿಕರ ಆಸ್ಪತ್ರೆಗಾಗಿ ತಿಂಗಳಿಗೆ 6 ಪೆನ್ಸ್ ವಸೂಲಾಗುತ್ತಿತ್ತು. ಅದರ ಪ್ರಯೋಜನ ಮುಖ್ಯವಾಗಿ ನೌಕಾಪಡೆಯವರಿಗೆ. ವ್ಯಾಪಾರಿ ನಾವಿಕರು ಈ ಹೊರೆಯಿಂದ ಪಾರಾದದ್ದು 1834ರಲ್ಲಿ. ಹೊರಡುವ ಮುನ್ನ ಸಿಗುತ್ತಿದ್ದ ಒಂದೆರಡು ತಿಂಗಳ ಮುಂಗಡ ವಸತಿಗೃಹದ ಸಾಲಕ್ಕೆ, ದಲ್ಲಾಳಿಗೆ ಕರಗುತ್ತಿತ್ತು. ಆಮೇಲಿನ ಮೊದಲ ತಿಂಗಳ ದುಡಿಮೆ ಎಂದರೆ ಬರೀ ಸಾಲ ತೀರಿಸುವುದು. ನಾವಿಕರ ಭಾಷೆಯಲ್ಲಿ ಅದು 'ಸತ್ತ ಕುದುರೆ'ಯ ಚಾಕರಿ. 19ನೇ ಶತಮಾನದ ಹಡಗುಗಳಲ್ಲಿ ಆ ತಿಂಗಳು ಮುಗಿದ ದಿನ ಹುಲ್ಲಿನ ಕುದುರೆ ಮಾಡಿ, ಹಾಡಿ ಕುಣಿದು, ಸಮುದ್ರಕ್ಕೆ ಎಸೆಯುತ್ತಿದ್ದರು.

ನಾವಿಕರು ಪೂರಾ ನಿಸ್ಸಹಾಯಕರೇನೂ ಆಗಿರಲಿಲ್ಲ. ನ್ಯಾಯವಾಗಿ ಬರಬೇಕಾದ ಸಂಬಳಕ್ಕಾಗಿ ಎಲ್ಲರೂ ಸೇರಿ ನೌಕಾ ನ್ಯಾಯಾಲಯದಲ್ಲಿ ದಾವೆ ಹೂಡಿ ಹಡಗನ್ನೇ ಜಪ್ತಿ ಮಾಡಿಸಬಹುದಿತ್ತು. 1768ರಲ್ಲಿ ಲಂಡನ್ನಿನ ನಾವಿಕರು ಸಂಬಳ ಹೆಚ್ಚಿಸಬೇಕೆಂದು ಹಡಗುಗಳ ಹಾಯಿ ಇಳಿಸಿ ಬಂದರನ್ನೇ ನಿಲ್ಲಿಸಿದರು. ಹಾಯಿ ಇಳಿಸುವುದಕ್ಕೆ ಇಂಗ್ಲಿಷಿನಲ್ಲಿ 'ಸ್ಟ್ರೈಕ್' ಎನ್ನುತ್ತಿದ್ದರು. ಇಂದು ಗಿರಣಿ, ಕಚೇರಿ, ಬಸ್ ನಿಲ್ದಾಣಗಳಲ್ಲಿ ಕೇಳುವ ಆ ಪದಕ್ಕೆ ಮುಷ್ಕರವೆಂಬ ಅರ್ಥ ಬಂದದ್ದು ಹೀಗೆ. 1775ರಲ್ಲಿ ಲಿವರ್‌ಪೂಲ್‌ನಲ್ಲಿ ಗುಲಾಮರ ವ್ಯಾಪಾರಕ್ಕೆ ಹೊರಟಿದ್ದ ಹಡಗೊಂದರ ಮಾಲೀಕರು ಒಪ್ಪಿದ್ದ 30 ಷಿಲಿಂಗನ್ನು 20ಕ್ಕೆ ಇಳಿಸಿದರು. ಸಿಟ್ಟಿಗೆದ್ದ ನಾವಿಕರು ಹಡಗಿನ ಹಗ್ಗಗಳನ್ನು ಕತ್ತರಿಸಿದರು. ಗಲಭೆ ಬೆಳೆದು, ವರ್ತಕರ ವಿನಿಮಯ ಕೇಂದ್ರದ ಮೇಲೆ ಫಿರಂಗಿ ಹಾರಿಸಿದರು. ಕೊನೆಗೆ ಸೈನ್ಯ ಬರಬೇಕಾಯಿತು.

ಭಾರತದಿಂದ ಹೋದ ಲಸ್ಕರರಿಗೆ ಇಷ್ಟು ಬಲವೂ ಇರಲಿಲ್ಲ. ಸೆರಾಂಗರ ಮೂಲಕ ನೇಮಕವಾಗುತ್ತಿದ್ದ ಅವರ ಸಂಬಳ ಯೂರೋಪಿನವರದಕ್ಕಿಂತ ಬಹಳ ಕಡಿಮೆ. 1823ರ ಕಾಯಿದೆ ಅವರನ್ನು ಬ್ರಿಟಿಷ್ ನಾವಿಕರೆಂದು ಎಣಿಸಲೇ ಇಲ್ಲ.

ಬಾಡಿಗೆಗೂ ಸಂಬಳಕ್ಕೂ ಇದ್ದ ಗಂಟನ್ನು ಬ್ರಿಟನ್ 1854ರ ಕಾಯಿದೆಯಿಂದ ಬಿಚ್ಚಿತು. ಆದರೂ ಹಡಗು ಮುಳುಗಿದ ದಿನವೇ ಸಂಬಳ ನಿಲ್ಲುತ್ತಿತ್ತು. 1920ರಲ್ಲಿ ಜಿನೋವಾದಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನ, ಹಡಗು ಕಳೆದುಕೊಂಡು ನಿರುದ್ಯೋಗಿಯಾದ ನಾವಿಕನಿಗೆ ಎರಡು ತಿಂಗಳ ಸಂಬಳದವರೆಗೆ ಪರಿಹಾರ ಕೊಡಬೇಕೆಂದು ಒಪ್ಪಂದ ರೂಪಿಸಿತು. ಮುಳುಗಿದ ಹಡಗಿನ ನಷ್ಟ ಮಾಲೀಕನದು, ಬದುಕಿ ಬಂದವನದಲ್ಲ ಎಂಬ ಸರಳ ನ್ಯಾಯ ದಡ ಸೇರುವ ಹೊತ್ತಿಗೆ ಹಾಯಿ ಹಡಗುಗಳ ಕಾಲವೇ ಮುಗಿದಿತ್ತು.